ಅಂಗಳದ ಹವಾಮಾನ: ಥಂಡಿ ವಾರ ಬಂತು, ಅಂಗಾರ ಹೊರಗಿರಲಿ



ಎಳ್ಳಮಾಸಿ ಮುಗಿದು ಸಂಕ್ರಾಂತಿ ಬರುವುದರೊಳಗಿನ ಈ ದಿನಗಳಲ್ಲಿ ನಮ್ಮ ಖಟಕ ಚಿಂಚೋಳಿಯಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ: "ಥಂಡಿ ಭಾಳ ಬಿದ್ದದ ನೋಡವ್ವಾ!" ಎರಡನೆಯ ಮಾತೂ ಒಂದೇ: "ಇನ್ನ ಎಷ್ಟ ದಿನ ಇರ್ತದಂತ?" ಮೊದಲನೆಯದಕ್ಕೆ ಹೂಂ ಅಂದರೆ ಸಾಕು. ಎರಡನೆಯದಕ್ಕೆ ಉತ್ತರ ಹುಡುಕುವುದು ಈ ಅಂಕಣದ ಕೆಲಸ.

ನಾನೇನೂ ಹವಾಮಾನ ಇಲಾಖೆಯವಳಲ್ಲ. ಪಡಸಾಲೆಯಲ್ಲಿ ತೂಗುಹಾಕಿದ ಒಂದು ಥರ್ಮಾಮೀಟರು, ಒಂದು ನೋಟುಬುಕ್ಕು, ಮಾಳಿಗೆ ಮೇಲೆ ನಿಂತರೆ ಕಾಣುವ ಆಕಾಶ, ಇಷ್ಟೇ ನನ್ನ ಬಂಡವಾಳ. ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಯಲ್ಲಿ "ಬುಧವಾರ ಮುಂಜಾನೆ ಇಷ್ಟೇ ಡಿಗ್ರಿ" ಅಂತ ಬರೆದರೆ ಅದು ಗಿಣಿಶಾಸ್ತ್ರವಾದೀತು. ಆದರೆ ನಮ್ಮ ಭಾಗದ ಥಂಡಿ ವಾರಕ್ಕೆ ಒಂದು ನಡಿಗೆ ಇದೆ. ಅದು ಬರುವ ದಾರಿ ಗೊತ್ತು, ತಂಗುವ ದಿನ ಗೊತ್ತು, ಹೋಗುವ ಲಕ್ಷಣವೂ ಗೊತ್ತು. ಆ ನಡಿಗೆಯನ್ನು ಈ ಸಲ ನಿಮ್ಮ ಮುಂದೆ ಇಡುತ್ತೇನೆ. ಜೊತೆಗೆ ಒಬ್ಬ ಸೋದರಿಯ ಪತ್ರಕ್ಕೆ ಉತ್ತರವೂ ಇದೆ. ಅದನ್ನು ಮಾತ್ರ ಬಿಡದೆ ಓದಬೇಕು ಎಂದು ಕೈಮುಗಿದು ಕೇಳುತ್ತೇನೆ.

ಹಿಮ ಅಲ್ಲಿ, ಥಂಡಿ ಇಲ್ಲಿ

ಬೀದರ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಬೀಳುವುದು ಇಬ್ಬನಿ, ಕವಿಯುವುದು ಮಂಜು. ಆದರೂ ನಮ್ಮ ಥಂಡಿಯ ಬೇರು ಹಿಮ ಬೀಳುವ ನಾಡಿನಲ್ಲೇ ಇದೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಒಂದರ ಹಿಂದೆ ಒಂದು ಗಾಳಿಯ ಸುಳಿಗಳು ಇರಾನ್, ಅಫ್ಘಾನಿಸ್ತಾನ ದಾಟಿ ನಮ್ಮ ದೇಶದ ಉತ್ತರಕ್ಕೆ ಬರುತ್ತವೆ. ಹವಾಮಾನದವರು ಇವನ್ನು ಪಶ್ಚಿಮದ ಕ್ಷೋಭೆ ಎನ್ನುತ್ತಾರೆ. ಇವು ಕಾಶ್ಮೀರ, ಹಿಮಾಚಲದ ಬೆಟ್ಟಗಳ ಮೇಲೆ ಹಿಮ ಸುರಿಸುತ್ತವೆ. ಸುಳಿ ಮುಂದಕ್ಕೆ ಹೋದ ಮೇಲೆ ಅದರ ಬೆನ್ನಿಗೆ ಒಣ, ತಣ್ಣನೆಯ ಗಾಳಿ ಬಯಲಿಗೆ ಇಳಿಯುತ್ತದೆ. ಅದು ಮೊದಲು ದಿಲ್ಲಿ, ಆಮೇಲೆ ಮಧ್ಯಪ್ರದೇಶ, ನಾಗಪುರ, ನಾಂದೇಡ, ಉದಗೀರ ಹಾದು ನಮ್ಮ ಔರಾದ, ಭಾಲ್ಕಿಗೆ ಬರುತ್ತದೆ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಕಡುಚಳಿಯ ಕಾಲ. ಅದನ್ನು ಅವರು ಚಿಲ್ಲೈ ಕಲಾನ್ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ, ನಮ್ಮ ಥಂಡಿಯೂ ಹೆಚ್ಚುಕಡಿಮೆ ಅದೇ 40 ದಿನಗಳಲ್ಲಿ ಕಾಡುತ್ತದೆ. ಆದ್ದರಿಂದ ರೇಡಿಯೋದಲ್ಲೋ ಟಿವಿಯಲ್ಲೋ "ಶ್ರೀನಗರದಲ್ಲಿ ಭಾರಿ ಹಿಮಪಾತ" ಎಂದು ಕೇಳಿದರೆ, ಅದು ದೂರದವರ ಸುದ್ದಿ ಎಂದು ಬಿಡಬೇಡಿ. ಮರುದಿನದಿಂದ ನಾಗಪುರದ, ನಾಂದೇಡದ ಕನಿಷ್ಠ ಉಷ್ಣಾಂಶ ನೋಡುತ್ತಾ ಹೋಗಿ. ಅಲ್ಲಿ ಇಳಿದರೆ ನಮ್ಮ ಸರದಿ ದೂರವಿಲ್ಲ. ಗಡಿಯಾಚೆ ತೆಲಂಗಾಣದ ಥಂಡಿ ಸುದ್ದಿಯಲ್ಲಿ ಮತ್ತೆ ಮತ್ತೆ ಬರುವ ಕೋಹೀರ್ ಅಂತೂ ನಮ್ಮ ಪಕ್ಕದ ಮನೆ ಇದ್ದಂತೆ.

ಕರ್ನಾಟಕದ ಉಳಿದ ಊರುಗಳಿಗಿಂತ ನಮಗೇ ಯಾಕೆ ಹೆಚ್ಚು? ನಾವು ರಾಜ್ಯದ ನೆತ್ತಿಯ ಮೇಲೆ ಇದ್ದೇವೆ, ಉತ್ತರದ ಗಾಳಿ ಮೊದಲು ತಟ್ಟುವುದು ನಮಗೆ. ಬೀದರ ಶಹರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಹತ್ತಿರದಲ್ಲಿ ಸಮುದ್ರವಿಲ್ಲ. ಸಮುದ್ರವಿದ್ದರೆ ಅದು ಹಗಲಿನ ಬಿಸಿಯನ್ನು ಕಾಪಿಟ್ಟು ರಾತ್ರಿ ಬಿಡುತ್ತಿತ್ತು. ನಮ್ಮ ನೆಲ ಹಗಲು ಕಾಯುತ್ತದೆ, ರಾತ್ರಿ ಮೋಡವಿಲ್ಲದ ಆಕಾಶಕ್ಕೆ ಅಷ್ಟೂ ಬಿಸಿಯನ್ನು ಒಪ್ಪಿಸಿಬಿಡುತ್ತದೆ. ಮೋಡವೆಂದರೆ ನೆಲಕ್ಕೆ ಹೊದಿಸಿದ ಕೌದಿ. ಕೌದಿ ಸರಿದರೆ ಥಂಡಿ ತಪ್ಪಿದ್ದಲ್ಲ.

ಎಷ್ಟು ಇಳಿದೀತು ಎಂದು ಕೇಳುವಿರಾ? ಜಿಲ್ಲೆಯ ಹಳೆಯ ದಾಖಲೆಯಂತೆ ಬೀದರಿನ ಡಿಸೆಂಬರದ ಸರಾಸರಿ ಕನಿಷ್ಠ 16.4 ಡಿಗ್ರಿ. ಅದೇ ದಾಖಲೆಯಲ್ಲಿ 1901ರ ಜನೆವರಿ 5ರಂದು 2.9 ಡಿಗ್ರಿಗೆ ಇಳಿದದ್ದೂ ಇದೆ. ಆಗ ನಮ್ಮ ಮುತ್ತಜ್ಜಿಯರು ಏನು ಹೊದ್ದಿದ್ದರೋ! ಬಯಲುಸೀಮೆಯಲ್ಲಿ ಕನಿಷ್ಠ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಎನ್ನುತ್ತದೆ. ಹಾಗಾಗಿ ನೋಟುಬುಕ್ಕಿನಲ್ಲಿ 10ರ ಕೆಳಗೆ ಒಂದು ಕೆಂಪು ಗೆರೆ ಎಳೆದುಕೊಳ್ಳಿ.

ವಾರದ ನಡಿಗೆ

ಮೊದಲ ಎರಡು ದಿನ: ಉತ್ತರದಲ್ಲಿ ಹಿಮ ಬೀಳುವ ಹೊತ್ತಿಗೆ ನಮ್ಮಲ್ಲಿ ತೆಳುಮೋಡ, ರಾತ್ರಿ ಸ್ವಲ್ಪ ಬೆಚ್ಚಗೆ. "ಥಂಡಿ ಹೋಯ್ತು ಬಿಡ್ರಿ" ಅಂತ ಮಕ್ಕಳ ಸ್ವೆಟರು ಪೆಟ್ಟಿಗೆಗೆ ಹಾಕುವವರಿದ್ದಾರೆ. ಹಾಕಬೇಡಿ. ಇದು ಥಂಡಿ ಉಸಿರು ಎಳೆದುಕೊಳ್ಳುವ ಹೊತ್ತು.

ಮೂರನೆಯ ದಿನ: ಆಕಾಶ ತೊಳೆದಂತೆ ನೀಲಿ. ಮಧ್ಯಾಹ್ನಕ್ಕೆ ಉತ್ತರದ ಗಾಳಿ, ತುಟಿ ಒಡೆಯುವಷ್ಟು ಒಣ. ಬಿಸಿಲು ಚೆನ್ನಾಗಿರುತ್ತದೆ. ಕೌದಿ, ರಜಾಯಿ, ಕಂಬಳಿ ಎಲ್ಲಾ ಇವತ್ತೇ ಮಾಳಿಗೆಗೆ ಹಾಕಿ, ಹೊತ್ತು ಇಳಿಯುವ ಮುಂಚೆ ಮಡಚಿ ಒಳಗೆ ತನ್ನಿ. ಸಂಜೆಯ ತಂಪು ಹಿಡಿದ ಕೌದಿ ಮೈಯ ಕಾವನ್ನೇ ಕುಡಿಯುತ್ತದೆ.

ನಾಲ್ಕು, ಐದು, ಆರು: ಇವೇ ಕಠಿಣ ಮುಂಜಾವುಗಳು. ಗಾಳಿ ನಿಲ್ಲುತ್ತದೆ, ಆಕಾಶ ನಿಚ್ಚಳ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಮಾಂಜ್ರಾ, ಕಾರಂಜಾ ಕಡೆಯ ತಗ್ಗಿನ ಹೊಲಗಳಲ್ಲಿ ದಿಬ್ಬದ ಮೇಲಿನ ಊರಿಗಿಂತ ಥಂಡಿ ಹೆಚ್ಚು, ಮಂಜೂ ಹೆಚ್ಚು. ಭಾಲ್ಕಿ, ಬೀದರಕ್ಕೆ ನಸುಕಿನ ಗಾಡಿಗೆ ಹೋಗುವವರಿದ್ದರೆ ಒಂದು ತಾಸು ತಡ ಮಾಡಿ ಹೊರಡಲು ಹೇಳಿ.

ಏಳನೆಯ ದಿನ: ಗಾಳಿ ಮೂಡಣಕ್ಕೆ ತಿರುಗಿದರೆ, ಸಂಜೆ ಆಕಾಶದಲ್ಲಿ ಹತ್ತಿ ಎಳೆದಂಥ ಮೋಡ ಕಂಡರೆ, ವಾರ ಮುಗಿಯಿತು ಎಂದು ತಿಳಿಯಿರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಬಂದರಂತೂ ಥಂಡಿ ನಡುದಾರಿಯಲ್ಲೇ ಮುರಿಯುತ್ತದೆ. ಹಿಂದೆಯೇ ಇನ್ನೊಂದು ಸುಳಿ ಬಂದರೆ ಮತ್ತೆ ಮೊದಲಿಂದ ಎಣಿಸಬೇಕು, ಅಷ್ಟೆ.

ಇಲ್ಲಿ ಒಂದು ಮಾತು. ಥಂಡಿ ಅತಿ ಹೆಚ್ಚು ಇರುವುದು ನಡುರಾತ್ರಿಯಲ್ಲಲ್ಲ, ಕೋಳಿ ಕೂಗುವಾಗಲೂ ಅಲ್ಲ. ಸೂರ್ಯ ಮೂಡಿದ ಮೇಲೂ ತುಸು ಹೊತ್ತು ನೆಲ ತಣ್ಣಗಾಗುತ್ತಲೇ ಇರುತ್ತದೆ. "ಹೊತ್ತು ಮೂಡ್ತಲ್ಲ" ಅಂತ ಕೂಸಿಗೆ ಎಣ್ಣೆ ಹಚ್ಚಲು ಅಂಗಳಕ್ಕೆ ತರುವುದು, ಮುತ್ಯಾ ಮೈಮೇಲೆ ಬರೀ ಧೋತರ ಹಾಕಿಕೊಂಡು ಹೊರಡುವುದು, ಎರಡೂ ಸರಿಯಾಗಿ ಆ ಕೆಟ್ಟ ಗಳಿಗೆಯಲ್ಲೇ ಆಗುತ್ತವೆ.

ನೀವೇ ನೋಡುವ ಗುರುತು

ಸಂಜೆ ಒಲೆಯ ಹೊಗೆ ನೆಟ್ಟಗೆ ಮೇಲೇರದೆ ಮಾಳಿಗೆಗಳ ಮಟ್ಟದಲ್ಲೇ ಚಾಪೆಯಂತೆ ಹರಡಿ ನಿಂತರೆ, ನೆಲದ ಗಾಳಿ ಮೇಲಿನ ಗಾಳಿಗಿಂತ ಆಗಲೇ ತಣ್ಣಗಾಗಿದೆ ಎಂದು ಅರ್ಥ. ಆ ರಾತ್ರಿ ಥಂಡಿ ಖಚಿತ. ದಟ್ಟ ಇಬ್ಬನಿ ಬಿದ್ದರೆ ಹೆದರಬೇಡಿ. ಗಾಳಿಯಲ್ಲಿನ ತೇವ ನೀರಾಗುವಾಗ ಒಂದಿಷ್ಟು ಬಿಸಿ ಬಿಡುತ್ತದೆ, ಥಂಡಿ ಅಲ್ಲಿಗೇ ತಡೆಯುತ್ತದೆ. ಇಬ್ಬನಿಯೇ ಇಲ್ಲದ ಒಣ ರಾತ್ರಿ ಅದಕ್ಕಿಂತ ಕಠಿಣ.

ಥರ್ಮಾಮೀಟರು ಇದ್ದವರು ಇನ್ನೊಂದು ಲೆಕ್ಕ ಇಡಬಹುದು. ಅದನ್ನು ಬಿಸಿಲು ತಾಗದ ಬಡಗಣ ದಿಕ್ಕಿಗೆ, ಗೋಡೆಗೆ ಅಂಟದಂತೆ, ನಿಮ್ಮ ಎದೆಮಟ್ಟಕ್ಕೆ ತೂಗುಹಾಕಿ. ಸಂಜೆ 6ಕ್ಕೆ ಒಮ್ಮೆ, ಸೂರ್ಯ ಮೂಡಿದ ಹೊತ್ತಿಗೆ ಒಮ್ಮೆ ನೋಡಿ ಬರೆಯಿರಿ. ಸಂಜೆ 22 ಇದ್ದು ಮುಂಜಾನೆ 12 ಆದರೆ ಇಳಿತ 10. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನಿಮ್ಮ ಅಂಗಳದ ಈ ಇಳಿತ ಹೆಚ್ಚು ಬದಲಾಗುವುದಿಲ್ಲ. ಒಂದು ವಾರ ಬರೆದರೆ ಸಾಕು, ಸಂಜೆಯ ಅಂಕಿ ನೋಡಿಯೇ ನಾಳಿನ ಮುಂಜಾನೆಯನ್ನು ಹೇಳಬಲ್ಲಿರಿ. ಇಲಾಖೆಯವರ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯನ್ನು ಮಾತ್ರ ಎಂದೂ ಬಿಡಬಾರದು. ಅವರದು ಇಡೀ ಜಿಲ್ಲೆಯ ಲೆಕ್ಕ, ನಮ್ಮದು ಅಂಗಳದ ಲೆಕ್ಕ. ಎರಡೂ ಸೇರಿದರೆ ಚೆಂದ.

ಒಬ್ಬ ಸೋದರಿಯ ಪತ್ರ

ಔರಾದ ತಾಲೂಕಿನಿಂದ ಒಬ್ಬ ಸೋದರಿ ಬರೆದಿದ್ದಾರೆ: "ಮಗಳು ಚೊಚ್ಚಲ ಬಾಣಂತಿ. ಕೂಸಿಗೆ ಹನ್ನೆರಡು ದಿನ. ಕೂಸು ಸಣ್ಣದಿದೆ. ರಾತ್ರಿ ಬಾಗಿಲ ಕಿಡಕಿ ಮುಚ್ಚಿ ಹೊರಸಿನ ಕೆಳಗೆ ಶೇಗಡಿಯಲ್ಲಿ ಅಂಗಾರ ಇಡ್ರಿ, ಇಲ್ಲಾಂದ್ರ ಇಬ್ಬರಿಗೂ ಥಂಡಿ ಹಿಡೀತದ ಅಂತ ನಮ್ಮತ್ತಿ ಅಂತಾರೆ. ದವಾಖಾನೆ ಬಾಯಿ ಬ್ಯಾಡೇ ಬ್ಯಾಡ ಅಂತಾರೆ. ಹಿರಿಯರ ಮಾತು ಮೀರಲೂ ಆಗದು, ಡಾಕ್ಟರ ಮಾತು ಬಿಡಲೂ ಆಗದು. ಏನು ಮಾಡಲಿ?"

ಸೋದರಿ, ನಿಮ್ಮ ಅತ್ತೆಯವರ ಚಿಂತೆ ಸರಿಯಾಗಿದೆ. ಸಣ್ಣ ಕೂಸಿಗೆ ಥಂಡಿ ನಿಜವಾಗಿಯೂ ಅಪಾಯ. ಅದರ ಮೈಯಲ್ಲಿ ಕೊಬ್ಬು ಕಡಿಮೆ, ತಲೆಯೇ ದೊಡ್ಡದು, ಕಾವು ಬೇಗ ಸೋರಿಹೋಗುತ್ತದೆ. ಆದರೆ ಉಪಾಯ ಮಾತ್ರ ಇವತ್ತಿನ ಮನೆಗೆ ಸರಿಯಲ್ಲ. ಹಿಂದಿನ ಮನೆಗಳಲ್ಲಿ ಹೆಂಚಿನ ಸಂದು, ಬೆಳಕಿಂಡಿ, ಬಾಗಿಲ ಬಿರುಕು ಇರುತ್ತಿದ್ದವು, ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಛತ್ತು, ಬಿಗಿಯಾದ ಕಿಡಕಿ. ಇದ್ದಲಿ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯು ಕೂಡಬೇಕಾದ ಜಾಗದಲ್ಲಿ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹೋಗಿ ಕೂಡುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗಾಲ ಬಂದಾಗಲೆಲ್ಲ ಶೇಗಡಿ ಇಟ್ಟು ಮಲಗಿದ ಮನೆಮಂದಿ ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ಪೇಪರಿನಲ್ಲಿ ನೀವೂ ಓದಿದ್ದೀರಿ.

"ಹೊಗಿ ಇಲ್ಲ, ಬರೀ ಕೆಂಡ ಇಟ್ಟೀವಿ" ಎನ್ನುವವರಿದ್ದಾರೆ. ಅದು ಇನ್ನೂ ಮೋಸ. ಹೊಗೆ ಇದ್ದರೆ ಕಣ್ಣುರಿದು, ಕೆಮ್ಮು ಬಂದು ಎದ್ದಾದರೂ ಕೂಡುತ್ತೀರಿ. ಕೆಂಡ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ. ಬಚ್ಚಲಲ್ಲಿ ಗ್ಯಾಸಿನ ಗೀಸರ್ ಇದ್ದವರಿಗೂ ಇದೇ ಮಾತು. ಬಚ್ಚಲಿಗೆ ಗಾಳಿಕಿಂಡಿ ತೆರೆದೇ ಇರಬೇಕು.

ಹಾಗಾದರೆ ಕೂಸಿಗೆ ಕಾವು ಎಲ್ಲಿಂದ? ತಾಯಿಯ ಎದೆಯಿಂದ. ಕೂಸಿಗೆ ಲಂಗೋಟಿ, ಕುಂಚಿಗೆ, ಕಾಲುಚೀಲ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ಅವುಚಿ ನೆಟ್ಟಗೆ ಮಲಗಿಸಿ. ಕೂಸಿನ ಮೂಗು ಬಾಯಿ ಮುಚ್ಚದಂತೆ ಮುಖ ಒಂದು ಕಡೆ ತಿರುಗಿರಲಿ. ಮೇಲಿಂದ ಸೀರೆ ಸುತ್ತಿ, ಅದರ ಮೇಲೆ ಕೌದಿ ಹೊದಿಸಿ. ತಾಯಿ ಒರಗಿ ಕುಳಿತು ಎಚ್ಚರವಿರಬೇಕು. ಆಕೆಗೆ ನಿದ್ದೆ ಬಂದರೆ ಮನೆಯ ಇನ್ನೊಬ್ಬರು ಎದೆಗೆ ಅವುಚಿಕೊಳ್ಳಲಿ. ತಂದೆಯೂ ಮಾಡಬಹುದು, ಅಜ್ಜಿಯೂ ಮಾಡಬಹುದು. 1978ರಲ್ಲಿ ದಕ್ಷಿಣ ಅಮೆರಿಕದ ಬೊಗೋಟಾ ನಗರದ ಒಂದು ಆಸ್ಪತ್ರೆಯಲ್ಲಿ ಕೂಸುಗಳಿಗೆ ಕಾವಿನ ಪೆಟ್ಟಿಗೆ ಸಾಲದೆ ಹೋದಾಗ ಡಾಕ್ಟರುಗಳು ಇದನ್ನು ಶುರು ಮಾಡಿದರು. ಕಾಂಗರೂ ಆರೈಕೆ ಎಂದು ಹೆಸರಾಯಿತು. ಹಗುರ ತೂಕದ ಕೂಸುಗಳಿಗೆ ದಿನಕ್ಕೆ 8 ತಾಸಿಗೆ ಕಡಿಮೆಯಾಗದಂತೆ ಇದನ್ನು ಕೊಡಬೇಕೆಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಸರಕಾರಿ ಆಸ್ಪತ್ರೆಗಳಿಂದ ಹಿಡಿದು ಮನೆಮನೆಯ ತನಕ ಇದನ್ನು ರೂಢಿಗೆ ತಂದು ನೋಡಿದ್ದಾರೆ.

ಅತ್ತೆಯವರ ಅಂಗಾರವನ್ನೂ ವ್ಯರ್ಥ ಮಾಡಬೇಡಿ. ಅದು ಅಂಗಳದಲ್ಲಿ ಉರಿಯಲಿ. ಅದರ ಮೇಲೆ ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಹಾಸಿಗೆಯಲ್ಲಿಡಿ. ಹಾಸಿಗೆ ಬೆಚ್ಚಗಾದ ಮೇಲೆ ಚೀಲ ತೆಗೆದು ಕೂಸನ್ನು ಮಲಗಿಸಿ. "ಅತ್ತೀ, ನಿಮ್ಮ ಅಂಗಾರನೇ ಹಾಸಿಗಿ ಬೆಚ್ಚಗ ಮಾಡ್ಯದ" ಅಂತ ಅವರಿಗೆ ಹೇಳಿ. ಮೊಮ್ಮಗುವನ್ನು ಅವರ ಎದೆಗೂ ಒಮ್ಮೆ ಅವುಚಲು ಕೊಡಿ. ಆಮೇಲೆ ಶೇಗಡಿಯ ಮಾತು ಅವರೇ ತೆಗೆಯಲಿಕ್ಕಿಲ್ಲ.

ಕೂಸಿನ ಅಂಗಾಲು, ಹೊಟ್ಟೆ ಎರಡೂ ತಣ್ಣಗಿದ್ದರೆ, ಹಾಲು ಕುಡಿಯದೆ ಮಂಕಾದರೆ, ಉಸಿರು ಬಿರುಸಾದರೆ ಬೆಳಗಾಗಲಿ ಎಂದು ಕಾಯಬೇಡಿ. ಎದೆಗೆ ಅವುಚಿಕೊಂಡೇ ದವಾಖಾನೆಗೆ ಹೊರಡಿ. ಕೆಂಡದ ಕೋಣೆಯಲ್ಲಿ ಯಾರಾದರೂ ಮಂಕಾಗಿ ಬಿದ್ದಿದ್ದು ಕಂಡರೆ ಮೊದಲು ಬಾಗಿಲು ತೆರೆದು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಫೋನು ಮಾಡಿ.

ಮನೆಯ ಹಿರಿಯರು

ಥಂಡಿಗೆ ಚರ್ಮದ ರಕ್ತನಾಳ ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಬಿಪಿ, ಎದೆನೋವು ಇದ್ದ ಹಿರಿಯರು ಹಾಸಿಗೆಯಿಂದ ಒಮ್ಮೆಲೆ ಎದ್ದು ಹೊರಗೆ ಹೋಗಬಾರದು. ಕುಳಿತು, ಶಾಲು ಹೊದ್ದು, ಕಿವಿ ಮುಚ್ಚಿ, ಬಿಸಿನೀರು ಗುಟುಕರಿಸಿ ಆಮೇಲೆ ಏಳಲಿ. ನಾಲ್ಕು ಮುಂಜಾವು ವಾಕಿಂಗ್ ಬಿಟ್ಟರೆ ಏನೂ ಕೆಡದು, ಹತ್ತು ಗಂಟೆಯ ಬಿಸಿಲಿಗೆ ಹೋಗಬಹುದು. ಮಾತ್ರೆ ತಪ್ಪಿಸಬಾರದು. ದಪ್ಪದೊಂದು ಅಂಗಿಗಿಂತ ತೆಳ್ಳನೆಯ ಮೂರು ಅಂಗಿ ಮೇಲು. ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿಯ ಗುಟ್ಟೂ ಇದೇ. "ಒಂದು ಗುಟುಕು ಹಾಕಿದರ ಮೈ ಬೆಚ್ಚಗಾಗ್ತದ" ಎನ್ನುವ ಗಂಡಸರಿಗೆ ತಿಳಿಸಿ: ಸೆರೆ ಕುಡಿದರೆ ಚರ್ಮ ಮಾತ್ರ ಬಿಸಿಯಾಗುತ್ತದೆ, ಒಳಗಿನ ಕಾವು ಹೊರಗೆ ಹರಿದುಹೋಗುತ್ತದೆ. ಹಿರಿಯರು ತೊದಲಿದರೆ, ಗೊಂದಲದಿಂದ ಏನೇನೋ ಮಾತಾಡಿದರೆ ವಯಸ್ಸಿನ ಅರಳುಮರುಳು ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಕಬ್ಬು ಕಡಿಯಲು ಬಂದವರು ಹೊಲದ ಬದುವಿನ ಗುಡಿಸಲಿನಲ್ಲಿ ಎಳೆಮಕ್ಕಳನ್ನು ಕಟ್ಟಿಕೊಂಡು ಇದೇ ಥಂಡಿಯಲ್ಲಿ ಮಲಗುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿ ಮಕ್ಕಳಿಗೆ ಗಿಡ್ಡವಾದ ಸ್ವೆಟರು, ಹರಿದ ಕೌದಿ ಇದ್ದರೆ ಮೂರನೆಯ ದಿನವೇ ಕೊಟ್ಟುಬನ್ನಿ. ವಾರ ಕಳೆದ ಮೇಲೆ ಕೊಟ್ಟರೆ ಪುಣ್ಯವೂ ತಣ್ಣಗೇ.

ಹೊಲ, ಕೊಟ್ಟಿಗೆ

ಗೋಧಿಗೆ ಈ ಥಂಡಿ ಹಿತ. ಹೂವಿನಲ್ಲಿರುವ ಕಡಲೆಗೆ ಅಷ್ಟು ಹಿತವಲ್ಲ. ಬಹಳ ತಣ್ಣಗಾದರೆ ಹೂ ಉದುರಿ ಕಾಯಿ ಕಟ್ಟುವುದು ತಡವಾಗುತ್ತದೆ. ನೀರಿನ ಅನುಕೂಲವಿದ್ದವರು ಕಠಿಣ ರಾತ್ರಿಯ ಮುಂಚೆ ಸಂಜೆ ಹಗುರಾಗಿ ನೀರು ಕೊಡಬಹುದು. ಒದ್ದೆ ನೆಲ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಎಮ್ಮೆ, ಕರುಗಳಿಗೆ ಗೋಣಿತಟ್ಟು ಹೊದಿಸಿ, ನೆಲಕ್ಕೆ ಒಣಹುಲ್ಲು ಹಾಸಿ, ಕುಡಿಯಲು ಉಗುರುಬೆಚ್ಚಗಿನ ನೀರು ಇಡಿ.

ಥಂಡಿ ವಾರದ ಅಡಿಗೆ: ಭಜ್ಜಿ

ಎಳ್ಳಮಾಸಿಗೆ ಹೊಲದಲ್ಲಿ ಉಂಡ ಭಜ್ಜಿಯನ್ನು ಹಬ್ಬಕ್ಕೇ ಬಿಡಬೇಕೆಂದಿಲ್ಲ. ಒಂದೇ ಬೋಗುಣಿಯಲ್ಲಿ ಕಾಳು, ಸೊಪ್ಪು, ತರಕಾರಿ ಎಲ್ಲಾ ಸೇರುವ ಇದರಷ್ಟು ಬೆಚ್ಚನೆಯ ರಾತ್ರಿಯೂಟ ಇನ್ನೊಂದಿಲ್ಲ.

ಬೇಕಾಗುವ ಸಾಮಾನು: ಹಸಿ ತೊಗರಿಕಾಳು, ಹಸಿ ಕಡಲೆ, ಬಟಾಣಿ, ಅವರೆಕಾಳು ತಲಾ ಅರ್ಧ ಬಟ್ಟಲು, ನೆನೆಸಿದ ಶೇಂಗಾ ಒಂದು ಹಿಡಿ, ಮೆಂತ್ಯ ಮತ್ತು ಪಾಲಕ ಸೊಪ್ಪು ಒಂದೊಂದು ಕಟ್ಟು, ಹಸಿ ಉಳ್ಳಾಗಡ್ಡಿ ನಾಲ್ಕು, ಬದನೆ ಎರಡು, ಗಜ್ಜರಿ ಒಂದು, ಕಡಲೆಹಿಟ್ಟು ನಾಲ್ಕು ಚಮಚ, ನಿಂಬೆಗಾತ್ರದ ಹುಣಸೆಹಣ್ಣು, ಹಸಿಮೆಣಸಿನಕಾಯಿ ಆರೇಳು, ಬಳ್ಳೊಳ್ಳಿ ಒಂದು ಗಡ್ಡೆ, ಜೀರಿಗೆ, ಅರಿಷಿಣ, ಉಪ್ಪು, ಎಣ್ಣೆ.

ಮಾಡುವ ಬಗೆ: ಕಾಳು, ಶೇಂಗಾ ಮೊದಲು ಬೇಯಿಸಿ. ಅರ್ಧ ಬೆಂದಾಗ ಹೆಚ್ಚಿದ ತರಕಾರಿ, ಆಮೇಲೆ ಸೊಪ್ಪು ಹಾಕಿ. ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕುಟ್ಟಿ ಸೇರಿಸಿ. ಹುಣಸೆರಸದಲ್ಲಿ ಕಡಲೆಹಿಟ್ಟನ್ನು ಗಂಟಿಲ್ಲದಂತೆ ಕಲಸಿ ಸುರಿದು, ಉಪ್ಪು ಅರಿಷಿಣ ಹಾಕಿ, ತಳ ಹತ್ತದಂತೆ ತಿರುವುತ್ತಾ ಗಟ್ಟಿಯಾಗುವ ತನಕ ಕುದಿಸಿ. ಮೇಲೆ ಬಳ್ಳೊಳ್ಳಿ ಒಗ್ಗರಣೆ. ಎಳ್ಳು ಹಚ್ಚಿದ ಬಿಸಿ ಸಜ್ಜೆರೊಟ್ಟಿ ಜೊತೆ ಬಡಿಸಿ. ಹಿರಿಯರಿಗೆ, ಚಿಕ್ಕವರಿಗೆ ಕಾರ ಕಡಿಮೆ ಇರಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅಲ್ಲಿಯ ತನಕ ಇಂಥ ವಾರಗಳು ಇನ್ನೂ ಬರಬಹುದು. ನಿಮ್ಮ ಅಂಗಳದ ಸಂಜೆ-ಮುಂಜಾನೆಯ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ತಗ್ಗಿನ ಊರು, ದಿಬ್ಬದ ಊರು ಎರಡನ್ನೂ ಪಕ್ಕಪಕ್ಕ ಇಟ್ಟು ಮುಂದಿನ ಸಂಚಿಕೆಯಲ್ಲಿ ನೋಡೋಣ. ಈ ರಾತ್ರಿ ಮಾತ್ರ ಮಲಗುವ ಮುಂಚೆ ಒಮ್ಮೆ ಮನೆಯೆಲ್ಲಾ ತಿರುಗಿ ಬನ್ನಿ. ಕೌದಿ ಎಲ್ಲರ ಮೇಲೂ ಇದೆಯೇ? ಶೇಗಡಿ ಅಂಗಳದಲ್ಲಿದೆಯೇ? ಇದ್ದರೆ ನೆಮ್ಮದಿಯಾಗಿ ಮಲಗಿ.